ಎರಡು ಹೆರಿಗೆಯ ನಂತರದ ಹೊಟ್ಟೆ: ದಿನಕ್ಕೆ ನೂರು ಕ್ರಂಚಸ್ ಮಾಡಿದರೂ ಸುತ್ತಳತೆ ಇಳಿಯುತ್ತಿಲ್ಲ

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಇಬ್ಬರು ಮಕ್ಕಳು. ಎರಡೂ ಸಹಜ ಹೆರಿಗೆಗಳೇ, ಚಿಕ್ಕವನಿಗೆ ಮೊನ್ನೆ ಎರಡು ವರ್ಷ ತುಂಬಿತು. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಮುಂಬೈ ಫೋರ್ಟ್‌ನ ಕಚೇರಿಗೆ ಹೋದರೆ ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ. ಮದುವೆಯ ಹೊತ್ತಿಗೆ 56 ಕೆ.ಜಿ. ಇದ್ದವಳು ಈಗ 63ಕ್ಕೆ ಬಂದು ನಿಂತಿದ್ದೇನೆ. ಕೈಕಾಲುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಟೇಪ್ ಹಿಡಿದರೆ 91 ಸೆಂ.ಮೀ. ತೋರಿಸುತ್ತದೆ.

ಮನೆಯ ಹತ್ತಿರದ ಒಂದು ಜಿಮ್‌ನಲ್ಲಿ ಹೇಳಿಕೊಟ್ಟಂತೆ ಮೂರು ತಿಂಗಳಿನಿಂದ ದಿನಕ್ಕೆ ನೂರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡುತ್ತಿದ್ದೇನೆ. ಸುತ್ತಳತೆ ಒಂದು ಸೆಂಟಿಮೀಟರ್ ಕೂಡ ಇಳಿದಿಲ್ಲ. ಅದರ ಬದಲು ತಲೆ ಎತ್ತಿದಾಗಲೆಲ್ಲ ಹೊಕ್ಕುಳಿನ ಮೇಲ್ಭಾಗದಲ್ಲಿ, ಹೊಟ್ಟೆಯ ನಟ್ಟನಡುವೆ, ಉದ್ದಕ್ಕೆ ಒಂದು ದಿಬ್ಬದಂತೆ ಉಬ್ಬಿಕೊಳ್ಳುತ್ತದೆ. ಕಳೆದ ವಾರ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಒಬ್ಬ ಹುಡುಗಿ ತಟ್ಟನೆ ಎದ್ದು, "ಆಂಟಿ, ನೀವು ಕುಳಿತುಕೊಳ್ಳಿ, ಎಷ್ಟು ತಿಂಗಳು?" ಎಂದು ಕೇಳಿದಳು. ಅವಳ ಮನಸ್ಸು ಒಳ್ಳೆಯದು, ಆದರೆ ಥಾಣೆ ಬರುವವರೆಗೂ ನಾನು ತಲೆ ಎತ್ತಲಿಲ್ಲ. ಸಪಾಟಾದ, ಬಿಗಿಯಾದ ಹೊಟ್ಟೆ ಈ ವಯಸ್ಸಿನಲ್ಲಿ ಸಾಧ್ಯವೇ, ಸಾಧ್ಯವಿದ್ದರೆ ಎಲ್ಲಿಂದ ಆರಂಭಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಪುಣೆ, ಕೋಥ್ರೂಡ್; ಫಿಸಿಯೋಥೆರಪಿಸ್ಟ್)

ನೀವು ಬರೆದಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ದಿಬ್ಬದ ವಿಷಯ. ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಇಳಿಯುವ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ಅವೆರಡನ್ನೂ ನಡುವೆ ಕೂಡಿಸಿರುವ ನಾರಿನ ಪದರ ಬಸಿರಿನಲ್ಲಿ ಹಿಗ್ಗುತ್ತದೆ, ಹೆರಿಗೆಯ ನಂತರ ಸಾಮಾನ್ಯವಾಗಿ ಎಂಟು ವಾರಗಳೊಳಗೆ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಹಾಗೆ ಮರಳದೆ ಸ್ನಾಯುಗಳ ನಡುವೆ ಅಂತರ ಉಳಿದುಬಿಟ್ಟರೆ ಅದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ತೂಕ ಕಡಿಮೆಯಿರುವ ಹೆಂಗಸರಲ್ಲಿಯೂ ಇದರಿಂದ ಹೊಟ್ಟೆ ಮುಂದೆ ಬಂದಂತೆ ಕಾಣುತ್ತದೆ, ಸಂಜೆಯ ಹೊತ್ತಿಗೆ ಇನ್ನಷ್ಟು.

ಮನೆಯಲ್ಲಿಯೇ ಪರೀಕ್ಷಿಸಬಹುದು. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಬೆರಳುಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಲಾಗಿ ಇಟ್ಟುಕೊಂಡು ತಲೆ ಮತ್ತು ಭುಜವನ್ನು ನೆಲದಿಂದ ತುಸುವೇ ಎತ್ತಿ. ಎರಡೂ ಬದಿಯ ಸ್ನಾಯುಗಳ ಅಂಚು ಬೆರಳಿಗೆ ತಾಗುತ್ತದೆ. ನಡುವಿನ ತಗ್ಗಿನಲ್ಲಿ ಎರಡಕ್ಕಿಂತ ಹೆಚ್ಚು ಬೆರಳು ಇಳಿದರೆ ಅಂತರ ಉಳಿದಿದೆ ಎಂದು ತಿಳಿಯಬೇಕು. ಹೊಕ್ಕುಳಿನ ಬಳಿ ಮೆತ್ತಗಿನ ಗಂಟು ಕಂಡರೆ ಅದು ಹರ್ನಿಯಾ (ಒಳಗಿನ ಭಾಗ ಸ್ನಾಯುವಿನ ಸಂದಿಯಿಂದ ಹೊರಚಾಚುವುದು) ಆಗಿರಬಹುದು, ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಕೆಮ್ಮಿದಾಗ ಮೂತ್ರ ಜಿನುಗುವುದಿದ್ದರೆ ಸಂಕೋಚಪಡದೆ ಅದನ್ನೂ ಹೇಳಿ. ಎಷ್ಟೋ ಹೆಂಗಸರು ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ, ಅದಕ್ಕೂ ವ್ಯಾಯಾಮವಿದೆ.

ದಿಬ್ಬ ಏಳುವ ಯಾವ ವ್ಯಾಯಾಮವನ್ನೂ, ಕ್ರಂಚಸ್ ಸೇರಿದಂತೆ, ಸದ್ಯಕ್ಕೆ ನಿಲ್ಲಿಸಿ. ಹೊಟ್ಟೆಯ ಒಳಪದರದಲ್ಲಿ ನಡುಪಟ್ಟಿಯಂತೆ ಸುತ್ತಿಕೊಂಡಿರುವ ಸ್ನಾಯುವೊಂದಿದೆ, ಮೊದಲು ಬಲಗೊಳ್ಳಬೇಕಾದದ್ದು ಅದು. ಮಲಗಿಕೊಂಡು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಾ ಹೊಕ್ಕುಳನ್ನು ಬೆನ್ನಿನ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಅದು ಕೈಗೂಡಿದ ಮೇಲೆ, ಅದೇ ಉಸಿರಿನೊಂದಿಗೆ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚಿ, ಮತ್ತೆ ಒಳಗೆ ತನ್ನಿ. ಕೆಲವು ವಾರಗಳ ನಂತರ ಡೆಡ್ ಬಗ್ (ಅಂಗಾತ ಮಲಗಿ ಎದುರುಬದುರು ಕೈಕಾಲು ಚಾಚುವುದು), ಬರ್ಡ್ ಡಾಗ್ (ಅದನ್ನೇ ಅಂಗೈ, ಮೊಣಕಾಲೂರಿ ಮಾಡುವುದು), ಕೊನೆಗೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವುದು). ಮಗುವನ್ನು ಎತ್ತುವಾಗ, ಹಾಸಿಗೆಯಿಂದ ಏಳುವಾಗ ಉಸಿರು ಬಿಗಿಹಿಡಿಯಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

ಉತ್ತರ 2 (ಮುಂಬೈ, ಮಾಟುಂಗಾ)

ತಂಗಿ, ಮೇಲಿನವರು ಸ್ನಾಯುವಿನ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ; ಕೊಬ್ಬಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಏಳು ಕಿಲೋ ಹೆಚ್ಚಳಕ್ಕೂ ಉತ್ತರ ಬೇಕಲ್ಲವೇ? ಯಾವ ಭಾಗಕ್ಕೆ ವ್ಯಾಯಾಮ ಕೊಡುತ್ತೇವೋ ಆ ಭಾಗದ ಕೊಬ್ಬೇ ಕರಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ದೇಹ ಕೊಬ್ಬನ್ನು ಎಲ್ಲ ಕಡೆಯಿಂದ ತನ್ನದೇ ಕ್ರಮದಲ್ಲಿ ತೆಗೆಯುತ್ತದೆ, ಆ ಕ್ರಮ ನಮ್ಮ ಕೈಯಲ್ಲಿಲ್ಲ. ನನಗೆ 54, ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದ ಮೇಲೆ ತೊಡೆ, ನಿತಂಬದ ಕಡೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ ಎಂಬುದನ್ನು ಸ್ವಂತ ಅನುಭವದಲ್ಲಿ ಕಂಡಿದ್ದೇನೆ. ಭಾರತೀಯ ಹೆಂಗಸರಿಗೆ ಸುತ್ತಳತೆ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ, ಅಂಗಾಂಗಗಳ ಸುತ್ತ ಸೇರುವ ಒಳಗೊಬ್ಬು ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡುವುದರಿಂದ ಇದು ಬರೀ ಅಂದದ ಮಾತಲ್ಲ. ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ ಹಿಡಿಯಿರಿ.

ಕಚೇರಿಯಲ್ಲಿ ಎಷ್ಟು ಚಹಾ ಕುಡಿಯುತ್ತೀರಿ ಎಂದು ಒಂದು ವಾರ ಬರೆದಿಡಿ. ಎರಡು ಚಮಚ ಸಕ್ಕರೆಯ ನಾಲ್ಕು ಚಹಾ ಎಂದರೆ ದಿನಕ್ಕೆ ಸುಮಾರು 40 ಗ್ರಾಂ ಸಕ್ಕರೆ, ಅಂದರೆ 160 ಕ್ಯಾಲೊರಿ. ಒಗ್ಗರಣೆಗೆ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120. ನಾನು ಮೊದಲು ಕೈಹಾಕಿದ್ದು ಈ ಎರಡಕ್ಕೆ. ಊಟ ಬಿಡಲಿಲ್ಲ, ಅನ್ನವನ್ನೂ ಬಿಡಲಿಲ್ಲ, ಎರಡು ಸೌಟಿನ ಬದಲು ಒಂದು ಸೌಟು ಬಡಿಸಿಕೊಂಡು ಪಲ್ಯ ಮತ್ತು ಕಾಳನ್ನು ಹೆಚ್ಚಿಸಿದೆ. ಪ್ರೋಟೀನ್ ಕಿಲೋಗೆ 0.83 ಗ್ರಾಂ ಬೇಕೆಂಬ ಲೆಕ್ಕದಲ್ಲಿ ನಿಮಗೆ ದಿನಕ್ಕೆ 52 ಗ್ರಾಂ ಆಗುತ್ತದೆ, ಪೋಹೆ ಮತ್ತು ವಡಾಪಾವ್‌ಗಳಲ್ಲಿ ಅದು ಕೂಡಿಬರುವುದಿಲ್ಲ. ರಾತ್ರಿ ನೆನೆಹಾಕಿದ 50 ಗ್ರಾಂ ಹೆಸರುಕಾಳಿನಲ್ಲಿ 12 ಗ್ರಾಂ ಇದೆ. ಮೊಳಕೆ ಬಂದದ್ದಕ್ಕೆ ಕಾಯಿತುರಿ, ನಿಂಬೆ ಹಿಂಡಿ ಡಬ್ಬಿಗೆ ಹಾಕಿಕೊಂಡರೆ ಮಧ್ಯಾಹ್ನದ ಹಸಿವು ತಣಿಯುತ್ತದೆ. ಹುರುಳಿ ಸಾರು, ಮೊಸರು, ತಿನ್ನುವವರಾದರೆ ಮೊಟ್ಟೆ ಮತ್ತು ಬಂಗುಡೆ, ಎಲ್ಲವೂ ನಮ್ಮ ಅಡುಗೆಮನೆಯವೇ ಅಲ್ಲವೇ?

ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆ ಇರಲಿ. ನಾನು ಇಲ್ಲಿನ ಫೈವ್ ಗಾರ್ಡನ್ಸ್ ಉದ್ಯಾನಗಳನ್ನು ಸುತ್ತುತ್ತೇನೆ. ನೀವು ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಕಚೇರಿಯವರೆಗೆ ನಡೆದೇ ಹೋಗಬಹುದು. ಆದರೆ ನನ್ನ ಹೊಟ್ಟೆಯ ಆಕಾರ ನಿಜವಾಗಿ ಬದಲಾದದ್ದು ವಾರಕ್ಕೆ ಎರಡು ದಿನ ಡಂಬೆಲ್ ಹಿಡಿದು ಸ್ಕ್ವಾಟ್ (ಕುಕ್ಕರಗಾಲಲ್ಲಿ ಕೂತು ಏಳುವುದು) ಮಾಡಲು ಆರಂಭಿಸಿದ ಮೇಲೆ. ಭಾರ ಎತ್ತಿದರೆ ಗಂಡಸರಂತಾಗುತ್ತೇವೆ ಎಂದು ನಾನೂ ಹೆದರಿದ್ದೆ, ಆ ಹೆದರಿಕೆಗೆ ಆಧಾರವಿಲ್ಲ.

ಉತ್ತರ 3 (ಗೋವಾ, ವಾಸ್ಕೊ)

ಒಂದೆರಡು ಮಾತು ಮಾತ್ರ. ಮುಟ್ಟು ಏರುಪೇರಾಗಿದ್ದರೆ, ಸದಾ ಆಯಾಸವಿದ್ದರೆ ಥೈರಾಯ್ಡ್ ಮತ್ತು ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯಕ್ಕೆ ಆಗುವ ತೊಂದರೆ) ತಪಾಸಣೆ ಮಾಡಿಸಿ. ಬೆವರಿಳಿಸುವ ಬೆಲ್ಟ್‌ಗಳಿಂದ ಹೋಗುವುದು ನೀರು, ಕೊಬ್ಬಲ್ಲ. ಇನ್ನೊಂದು, ಚಿತ್ರಗಳಲ್ಲಿ ಕಾಣುವ ಗೆರೆಗೆರೆಯ ಹೊಟ್ಟೆಯನ್ನು ಗುರಿಯಾಗಿಟ್ಟುಕೊಳ್ಳಬೇಡಿ. ಹೆಂಗಸರ ದೇಹಕ್ಕೆ ಗಂಡಸರಿಗಿಂತ ಹೆಚ್ಚು ಕೊಬ್ಬು ಅಗತ್ಯ; ತೀರಾ ಇಳಿಸಿದರೆ ಮುಟ್ಟೇ ನಿಂತುಹೋಗಬಹುದು. ನನ್ನ ತಂಗಿ ಮದುವೆಗೆ ಮುನ್ನ ಉಪವಾಸ ಮಾಡಿ ಐದು ತಿಂಗಳು ಆ ಸ್ಥಿತಿಯಲ್ಲಿದ್ದಳು.

ಪ್ರಶ್ನೆ ಕೇಳಿದವರಿಂದ

ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಪರೀಕ್ಷಿಸಿಕೊಂಡೆ. ಹೊಕ್ಕುಳಿನ ಮೇಲೆ ಮೂರು ಬೆರಳು ಸಲೀಸಾಗಿ ಇಳಿದವು, ಗಂಟೇನೂ ಇಲ್ಲ. ಮೂರು ತಿಂಗಳು ನನ್ನದೇ ಸೋಮಾರಿತನ ಎಂದುಕೊಂಡಿದ್ದೆ. ಕ್ರಂಚಸ್ ನಿಲ್ಲಿಸಿದ್ದೇನೆ, ಶನಿವಾರ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಾಣಲಿದ್ದೇನೆ. ಮಾಟುಂಗಾದ ಅಕ್ಕ ಹೇಳಿದಂತೆ ಚಹಾ ಬರೆದಿಟ್ಟೆ: ನಿನ್ನೆ ಒಂದೇ ದಿನ ಆರು. ಹೆಸರುಕಾಳು ನೆನೆಹಾಕಿದ್ದೇನೆ.