ಕಡಲ ಅಲೆಯಿಂದ ಕರೆಂಟು ತೆಗೆಯುವ ಯಂತ್ರದ ರಿಪೇರಿ ಖರ್ಚು ಲೆಕ್ಕ ಹಾಕುವುದು ಹೇಗೆ?

ಸುರತ್ಕಲ್ ವಿದ್ಯಾರ್ಥಿ: ಪ್ರಾಜೆಕ್ಟಿಗೆ ಬೇಕಿತ್ತು. ವರ್ಷಕ್ಕೆ ಬಂಡವಾಳದ ಶೇಕಡಾ 5 ಅಂತ ಸುಮ್ನೆ ಹಾಕಿದರೆ ಸಾಕಲ್ವಾ?

ಮಲ್ಪೆ ಮೆಕ್ಯಾನಿಕ್: ಸಾಲದು ಮಾರಾಯ್ರೆ. ನಾನು ಬೋಟ್ ಇಂಜಿನ್ ರಿಪೇರಿಯವನು. ಬೇರಿಂಗ್ ರೇಟು ಸಣ್ಣದು, ಕಡಲಲ್ಲಿರುವ ಯಂತ್ರದ ಹತ್ತಿರ ಹೋಗುವ ಬೋಟಿನ ಬಾಡಿಗೆ ದೊಡ್ಡದು. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಟ್ರಾಲ್ ಬೋಟುಗಳೇ ಧಕ್ಕೆಯಲ್ಲಿ ಇರುತ್ತವೆ. ಅಲೆ ಜೋರು, ಕರೆಂಟು ಜಾಸ್ತಿ ಬರುವುದೂ ಆಗಲೇ. ಆಗ ಕೆಟ್ಟರೆ ಕಡಲು ತಣಿಯುವವರೆಗೆ ಯಂತ್ರ ಬಂದ್. ಆ ನಷ್ಟವನ್ನೂ ಸೇರಿಸಿ. ತುಕ್ಕು ತಡೆಯಲು ಕಟ್ಟುವ ಜಿಂಕ್ ತುಂಡು, ಪೇಂಟು, ಅಂಟಿದ ಚಿಪ್ಪು ಕೆರೆಯುವ ಕೂಲಿ ಬೇರೆ.

ಸುರತ್ಕಲ್ ವಿದ್ಯಾರ್ಥಿ: ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಶುರುವಾದ 150 ಕಿಲೋವ್ಯಾಟ್ ಅಲೆ ವಿದ್ಯುತ್ ಘಟಕದ ಅಂದಾಜು ಹಿಡಿಯಲಾ?

ಮಲ್ಪೆ ಮೆಕ್ಯಾನಿಕ್: ಅದು ಬಂದರಿನ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಪಕ್ಕದಲ್ಲಿ ಗಟ್ಟಿಯಾಗಿ ಕೂರಿಸಿದ್ದು. ನಿಮ್ಮದು ತೇಲುವಂಥದ್ದಾ? ಹಾಗಾದರೆ ಲಂಗರಿನ ಸರಪಳಿ, ಮುಳುಗುಗಾರರ ಸಂಬಳ ಮೊದಲು ಬರೆಯಿರಿ.