ಲಾಭರಹಿತ ಸಂಸ್ಥೆಗಳಿಗಾಗಿ ಸಂಪರ್ಕ ನಿರ್ವಹಣೆಯ ಮುಕ್ತ ತಂತ್ರಾಂಶ: ಮೊದಲಿನಿಂದ ಬರೆಯಬೇಕೇ?

ಪ್ರಶ್ನೆ

ನಮಸ್ಕಾರ. ನಾವು ಮೂವರು ಪ್ರೋಗ್ರಾಮರ್‌ಗಳು ಬಿಡುವಿನ ವೇಳೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗೆ ನೆರವಾಗುತ್ತಿದ್ದೇವೆ. ದಾನಿಗಳು, ಸದಸ್ಯರು, ಸ್ವಯಂಸೇವಕರು, ನೆರವು ಪಡೆಯುವ ಕುಟುಂಬಗಳು, ಹೀಗೆ ಸಂಸ್ಥೆಯ ಒಡನಾಟದಲ್ಲಿರುವ ಎಲ್ಲರ ವಿವರಗಳೂ ಈಗ ಹನ್ನೊಂದು ಸ್ಪ್ರೆಡ್‌ಶೀಟ್‌ಗಳಲ್ಲಿ ಹಂಚಿಹೋಗಿವೆ. ತೀರಿಕೊಂಡು ವರ್ಷವಾಗಿದ್ದ ದಾನಿಯೊಬ್ಬರ ಹೆಸರಿಗೆ ಕಳೆದ ತಿಂಗಳು ದೇಣಿಗೆ ಕೋರುವ ಪತ್ರ ಹೋಯಿತು. ಅವರು ತೀರಿಕೊಂಡ ವಿಷಯವನ್ನು ಯಾರೋ ಒಂದು ಹಾಳೆಯ ಷರಾ ಕಾಲಂನಲ್ಲಿ ಬರೆದಿಟ್ಟಿದ್ದರು. ಪತ್ರ ಕಳುಹಿಸಿದವರು ತೆರೆದದ್ದು ಮತ್ತೊಂದು ಹಾಳೆಯನ್ನು. ಆ ದಾನಿಯ ಮಗಳು ಫೋನ್ ಮಾಡಿದಾಗ ಏನು ಹೇಳಬೇಕೆಂದು ಕಚೇರಿಯಲ್ಲಿ ಯಾರಿಗೂ ತೋಚಲಿಲ್ಲ.

ಇಂಥದು ಮತ್ತೆ ಆಗಬಾರದೆಂಬ ಉದ್ದೇಶದಿಂದ ಸಂಪರ್ಕ ನಿರ್ವಹಣೆಯ ಒಂದು ತಂತ್ರಾಂಶವನ್ನು ಬರೆದು, ಇತರ ಸಂಸ್ಥೆಗಳಿಗೂ ಉಪಯೋಗವಾಗಲೆಂದು ಅದನ್ನು ಮುಕ್ತ ಪರವಾನಗಿಯಡಿ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದಂತೆ) ಬಿಡುಗಡೆ ಮಾಡಬೇಕೆಂದಿದ್ದೇವೆ. ಹೊಸದಾಗಿ ಬರೆಯುವುದು ಸರಿಯೇ, ಅಥವಾ ಈಗಾಗಲೇ ಇರುವುದನ್ನು ಬೆಳೆಸುವುದು ಮೇಲೇ? ದತ್ತಾಂಶದ ವಿನ್ಯಾಸದಲ್ಲಿ ಮೊದಲು ಯಾವುದಕ್ಕೆ ಗಮನ ಕೊಡಬೇಕು? ಯಾವ ಪರವಾನಗಿ ಸೂಕ್ತ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ಹೊಸದಾಗಿ ಬರೆಯಲು ಕೂರುವ ಮೊದಲು ಸಿವಿಸಿಆರ್‌ಎಂ ಅನ್ನು ಒಂದು ಪರೀಕ್ಷಾ ಸರ್ವರ್‌ನಲ್ಲಿ ಹಾಕಿ, ಒಂದು ವಾರವಾದರೂ ಬಳಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಲಾಭರಹಿತ ಸಂಸ್ಥೆಗಳಿಗೆಂದೇ 2005ರಿಂದ ಬೆಳೆದುಬಂದಿರುವ ತಂತ್ರಾಂಶ ಅದು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲಾಗಿದೆ, ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ದತ್ತಸಂಚಯವನ್ನು ಬಳಸುತ್ತದೆ, ಜಾಲತಾಣ ಕಟ್ಟುವ ತಂತ್ರಾಂಶಗಳಾದ ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾಗಳ ಜೊತೆ ಸೇರಿ ಕೆಲಸ ಮಾಡುತ್ತದೆ.

ನೀವು ಅದನ್ನು ಕೊನೆಗೆ ಬಳಸದಿದ್ದರೂ ಅದರ ವಿನ್ಯಾಸವನ್ನು ಓದುವುದರಿಂದ ಕಲಿಯುವುದು ಬಹಳವಿದೆ. ಅಲ್ಲಿ 'ದಾನಿ' ಎಂಬ ಬಗೆಯ ಸಂಪರ್ಕ ದಾಖಲೆಯೇ ಇಲ್ಲ. ಮೂಲತಃ ಇರುವುದು ವ್ಯಕ್ತಿ, ಕುಟುಂಬ, ಸಂಸ್ಥೆ ಎಂಬ ಮೂರು ಬಗೆ. ದೇಣಿಗೆ, ಸದಸ್ಯತ್ವ, ಕಾರ್ಯಕ್ರಮದಲ್ಲಿ ಭಾಗವಹಿಸಿದ್ದು, ಇವೆಲ್ಲ ಆ ಸಂಪರ್ಕಕ್ಕೆ ಜೋಡಿಸಿದ ಬೇರೆ ಬೇರೆ ದಾಖಲೆಗಳು. ಹಾಗಾಗಿ ಒಬ್ಬರೇ ಈ ವರ್ಷ ನೆರವು ಪಡೆದು, ಮುಂದೆ ಸ್ವಯಂಸೇವಕರಾಗಿ, ಆಮೇಲೆ ದೇಣಿಗೆ ಕೊಟ್ಟರೂ ಅವರ ದಾಖಲೆ ಒಂದೇ ಆಗಿ ಉಳಿಯುತ್ತದೆ. ಇಬ್ಬರ ನಡುವಣ ಸಂಬಂಧಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ; ಒಬ್ಬರು ಉದ್ಯೋಗ ಬದಲಿಸಿದಾಗ ಹಳೆಯ ಸಂಬಂಧವನ್ನು ಅಳಿಸಬೇಕಾಗಿಲ್ಲ, ಮುಗಿಸಿದರೆ ಸಾಕು. ನಿಮ್ಮನ್ನು ಕಾಡಿದ ಸಮಸ್ಯೆಗೂ ಅಲ್ಲಿ ಉತ್ತರವಿದೆ: ಮರಣ ಹೊಂದಿದ್ದಾರೆಂದು ಗುರುತಿಸಲು ಪ್ರತ್ಯೇಕ ಕ್ಷೇತ್ರ (ವಿವರ ತುಂಬುವ ಜಾಗ) ಇದ್ದು, ಸಾಮೂಹಿಕ ಇಮೇಲ್ ಕಳುಹಿಸುವಾಗ ಅಂಥವರನ್ನು ತಂತ್ರಾಂಶವೇ ಕೈಬಿಡುತ್ತದೆ.

ನಿಮಗೆ ಬೇಕಾದ ಹೆಚ್ಚುವರಿ ಸೌಲಭ್ಯವನ್ನು ವಿಸ್ತರಣೆಯಾಗಿ, ಅಂದರೆ ಮೂಲ ತಂತ್ರಾಂಶಕ್ಕೆ ಜೋಡಿಸುವ ಬಿಡಿ ಭಾಗವಾಗಿ, ಬರೆಯಬಹುದು. ಮೂವರು ಬಿಡುವಿನ ವೇಳೆಯಲ್ಲಿ ಕಟ್ಟಿ, ವರ್ಷಗಟ್ಟಲೆ ಸಂಭಾಳಿಸಬಲ್ಲ ಗಾತ್ರದ ಕೆಲಸ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2

ಮೇಲಿನ ಸಲಹೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಒಂದು ಮಾತು ಸೇರಿಸಬೇಕು. ದೊಡ್ಡ ತಂತ್ರಾಂಶದ ನೂರಾರು ಆಯ್ಕೆಗಳನ್ನು ಕಂಡು ಬೆದರಿ, ಸಂಸ್ಥೆಯ ಸಿಬ್ಬಂದಿ ಎರಡೇ ತಿಂಗಳಲ್ಲಿ ಸದ್ದಿಲ್ಲದೆ ಸ್ಪ್ರೆಡ್‌ಶೀಟ್‌ಗೆ ಮರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ತಪ್ಪು ತಂತ್ರಾಂಶದ್ದಾಗಿರಲಿಲ್ಲ. ದಿನವೂ ವಿವರ ತುಂಬುವವರ ಪಕ್ಕದಲ್ಲಿ ಕುಳಿತು ಅವರ ಕೆಲಸವನ್ನು ನೋಡದೆಯೇ ನಾವು ಪರದೆಗಳನ್ನು ಸಿದ್ಧಪಡಿಸಿದ್ದೆವು.

ನಿಮ್ಮ ಪ್ರಶ್ನೆಯಲ್ಲೇ ಇರುವ ಷರಾ ಕಾಲಂನಿಂದ ಆರಂಭಿಸಿ. ಹನ್ನೊಂದೂ ಹಾಳೆಗಳ ಷರಾಗಳನ್ನು ಒಟ್ಟಿಗೆ ತೆಗೆದುಕೊಂಡು, ಸಾಲು ಸಾಲಾಗಿ ಓದಿ. 'ಸಂಜೆಯ ಮೇಲೆ ಕರೆ ಮಾಡುವುದು', 'ಪತ್ರ ಬೇಡ ಎಂದಿದ್ದಾರೆ', 'ಹೆಸರು ಪ್ರಕಟಿಸಬಾರದು', 'ತಮ್ಮನ ನಂಬರ್' ಎಂಬಂಥ ಟಿಪ್ಪಣಿಗಳು ಸಿಗುತ್ತವೆ. ಹಾಳೆಯ ಕಾಲಂಗಳಲ್ಲಿ ಜಾಗ ಸಿಗದ ಸಂಗತಿಗಳೆಲ್ಲ ಅಲ್ಲಿಗೆ ಬಂದು ಸೇರಿರುತ್ತವೆ. ಅವುಗಳಲ್ಲಿ ಪದೇ ಪದೇ ಬರುವಂಥವು ನಿಮ್ಮ ದತ್ತಸಂಚಯದಲ್ಲಿ ಸ್ವಂತ ಕ್ಷೇತ್ರಗಳಾಗಬೇಕು. ಇಷ್ಟು ನಿಖರವಾದ ಅಗತ್ಯಗಳ ಪಟ್ಟಿ ಯಾವ ಸಭೆಯಿಂದಲೂ ನಿಮಗೆ ದೊರೆಯದು.

ಆಮೇಲಿನ ದೊಡ್ಡ ಕೆಲಸ ಒಬ್ಬರೇ ವ್ಯಕ್ತಿಯ ಹಲವು ದಾಖಲೆಗಳನ್ನು ಒಂದಾಗಿಸುವುದು. ಫೋನ್ ನಂಬರನ್ನೋ ಇಮೇಲ್ ವಿಳಾಸವನ್ನೋ ವ್ಯಕ್ತಿಯ ಗುರುತೆಂದು ಇಟ್ಟುಕೊಳ್ಳಬೇಡಿ, ಏಕೆಂದರೆ ಒಂದು ಮನೆಯ ನಾಲ್ವರು ಒಂದೇ ನಂಬರನ್ನು ಬಳಸುತ್ತಾರೆ, ಅದೇ ನಂಬರು ನಾಳೆ ಬೇರೆಯವರ ಪಾಲಾಗುತ್ತದೆ. ಸಿವಿಸಿಆರ್‌ಎಂನಲ್ಲಿರುವಂತೆ ಪ್ರತಿ ಕ್ಷೇತ್ರದ ಹೋಲಿಕೆಗೂ ಒಂದು ತೂಕ ಕೊಟ್ಟು, ಒಟ್ಟು ತೂಕ ನಿಗದಿತ ಮಿತಿಯನ್ನು ಮುಟ್ಟಿದರೆ ಮಾತ್ರ 'ಇಬ್ಬರೂ ಒಬ್ಬರೇ ಇರಬಹುದು' ಎಂದು ತೋರಿಸುವ ಕ್ರಮ ಒಳ್ಳೆಯದು. ಒಂದಾಗಿಸುವ ತೀರ್ಮಾನವನ್ನು ಮನುಷ್ಯರಿಗೇ ಬಿಡಿ. ಯಾರು, ಯಾವಾಗ, ಯಾವ ಎರಡು ದಾಖಲೆಗಳನ್ನು ಸೇರಿಸಿದರೆಂಬುದನ್ನೂ ಬರೆದಿಡಿ. ಬೇರೆ ಬೇರೆ ಇಬ್ಬರನ್ನು ತಪ್ಪಾಗಿ ಒಂದಾಗಿಸಿಬಿಟ್ಟರೆ ಅವರ ದೇಣಿಗೆಗಳನ್ನು ಮತ್ತೆ ಬಿಡಿಸುವುದು ಅತ್ಯಂತ ಕಷ್ಟದ ಕೆಲಸ.

ಕನ್ನಡದಲ್ಲಿ ಹೆಸರು ತುಂಬುವುದಾದರೆ ಇನ್ನೊಂದು ಸೂಕ್ಷ್ಮವಿದೆ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 'ಗೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳನ್ನು ಹೋಲಿಸುವ ಪ್ರೋಗ್ರಾಂಗೆ ಬೇರೆ ಬೇರೆ. ಉಳಿಸುವ ಮೊದಲೇ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಣೆಯನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ಕ್ರಮಕ್ಕೆ) ತಂದರೆ ಈ ತೊಡಕು ನಿವಾರಣೆಯಾಗುತ್ತದೆ.

ಉತ್ತರ 3

ಪರವಾನಗಿಯ ಬಗ್ಗೆ ಮೇಲಿನವರು ಬರೆದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಜಾಲತಾಣದ ಮೂಲಕ ಬಳಸುವ ತಂತ್ರಾಂಶಕ್ಕೆ ಅಫೆರೋ ಜಿಪಿಎಲ್ ಎಂಬ ಮುಕ್ತ ಪರವಾನಗಿಯ 3ನೇ ಆವೃತ್ತಿ ಸೂಕ್ತ. 2007ರಲ್ಲಿ ಪ್ರಕಟವಾದ ಈ ಪರವಾನಗಿಯ 13ನೇ ವಿಧಿಯ ಪ್ರಕಾರ, ಕೋಡನ್ನು ಬದಲಿಸಿ ಸರ್ವರ್‌ನಲ್ಲಿ ನಡೆಸುವವರು, ಜಾಲದ ಮೂಲಕ ಅದನ್ನು ಬಳಸುವವರಿಗೆ ಬದಲಿಸಿದ ಆಕರ ಸಂಕೇತವನ್ನು (ಸೋರ್ಸ್ ಕೋಡನ್ನು) ಪಡೆಯುವ ಅವಕಾಶ ಕೊಡಬೇಕು. ಸಾಮಾನ್ಯ ಜಿಪಿಎಲ್‌ನಲ್ಲಿ ಈ ಕಟ್ಟುಪಾಡಿಲ್ಲ. ಸಿವಿಸಿಆರ್‌ಎಂ ಕೂಡ ಇದೇ ಪರವಾನಗಿಯಲ್ಲಿದೆ.

ಮುಕ್ತ ಪರವಾನಗಿಯ ಬೆಲೆ ತಿಳಿಯುವುದು ಕಷ್ಟ ಬಂದಾಗ. ಶುಗರ್‌ಸಿಆರ್‌ಎಂ ಎಂಬ ಸಂಪರ್ಕ ನಿರ್ವಹಣಾ ತಂತ್ರಾಂಶದ ಮುಕ್ತ ಆವೃತ್ತಿಯಿಂದ 2013ರಲ್ಲಿ ಸೂಟ್‌ಸಿಆರ್‌ಎಂ ಕವಲೊಡೆಯಿತು; ಅಂದರೆ ಅದೇ ಕೋಡನ್ನು ತೆಗೆದುಕೊಂಡು ಬೇರೆಯವರು ಪ್ರತ್ಯೇಕವಾಗಿ ಬೆಳೆಸಿದರು. ಮೂಲ ಕಂಪನಿ ತನ್ನ ಮುಕ್ತ ಆವೃತ್ತಿಯನ್ನು ನಿಲ್ಲಿಸಿದ ಮೇಲೂ ಅದನ್ನು ನೆಚ್ಚಿಕೊಂಡಿದ್ದವರಿಗೆ ಮುಂದಿನ ದಾರಿ ಉಳಿದದ್ದು ಹಾಗೆ.

ಇದಕ್ಕಿಂತಲೂ ನನಗೆ ಹೆಚ್ಚು ಕಾಳಜಿ ಇರುವುದು ನೆರವು ಪಡೆಯುವ ಕುಟುಂಬಗಳ ಬಗ್ಗೆ. ಕೋಡ್ ಎಲ್ಲರಿಗೂ ತೆರೆದಿರಲಿ. ಆ ಕುಟುಂಬಗಳ ವಿವರ ಮಾತ್ರ ಅಗತ್ಯವಿರುವವರಿಗಷ್ಟೇ ಕಾಣಲಿ. ದೇಣಿಗೆಯ ರಸೀದಿ ಬರೆಯುವವರಿಗೆ ಒಂದು ಮನೆಯ ಕಾಯಿಲೆಯ ಸಂಗತಿ ಕಾಣಬೇಕಾದ ಕಾರಣವೇ ಇಲ್ಲ. ನಾನು ಕೊಡುಗೆ ನೀಡುತ್ತಿದ್ದ ಒಂದು ಯೋಜನೆಯಲ್ಲಿ ದೋಷವೊಂದನ್ನು ವರದಿ ಮಾಡಿದವರು ಪರದೆಯ ಚಿತ್ರವನ್ನು ಸಾರ್ವಜನಿಕ ಪುಟಕ್ಕೆ ಏರಿಸಿದ್ದರು. ಚಿತ್ರದ ಮೂಲೆಯಲ್ಲಿ ಮೂರು ನಿಜವಾದ ಹೆಸರುಗಳು, ವಿಳಾಸಗಳ ಸಮೇತ, ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಅದನ್ನು ಅಳಿಸುವಷ್ಟರಲ್ಲಿ ಎಷ್ಟು ಮಂದಿ ನೋಡಿದ್ದರೋ ತಿಳಿಯಲಿಲ್ಲ. ಆದ್ದರಿಂದ ಮೊದಲ ದಿನವೇ ಕಾಲ್ಪನಿಕ ಹೆಸರುಗಳ ಪರೀಕ್ಷಾ ದತ್ತಾಂಶವನ್ನು ಕೋಡಿನ ಜೊತೆಯಲ್ಲೇ ಇಡಿ, ದೋಷ ವರದಿಗಳೆಲ್ಲ ಅದರ ಮೇಲೆಯೇ ಬರುವಂತೆ ನೋಡಿಕೊಳ್ಳಿ. ಅಳಿಸುವ ಕ್ರಮವನ್ನೂ ಈಗಲೇ ಯೋಚಿಸಿ: 2018ರ ಮೇ ತಿಂಗಳಿನಿಂದ ಅನ್ವಯವಾಗಿರುವ ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನ 17ನೇ ವಿಧಿಯು, ಕೆಲವು ಸಂದರ್ಭಗಳಲ್ಲಿ, ತನ್ನ ವಿವರವನ್ನು ಅಳಿಸಿಸುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಲೆಕ್ಕಪತ್ರಕ್ಕಾಗಿ ದೇಣಿಗೆಯ ಮೊತ್ತವನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ತೆಗೆಯುವುದು ನಿಮ್ಮ ವಿನ್ಯಾಸದಲ್ಲಿ ಸಾಧ್ಯವಿರಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಮೂವರೂ ಕುಳಿತು ಹನ್ನೊಂದು ಹಾಳೆಗಳ ಪೈಕಿ ನಾಲ್ಕರ ಷರಾಗಳನ್ನು ಓದಿದೆವು. 'ತೀರಿಕೊಂಡಿದ್ದಾರೆ' ಎಂಬ ಅರ್ಥದ ಟಿಪ್ಪಣಿ ಏಳು ಕಡೆ ಸಿಕ್ಕಿತು, ಅವುಗಳಲ್ಲಿ ಎರಡು ಬರಿಯ ಒಂದು ಅಡ್ಡಗೆರೆ ಮತ್ತು ದಿನಾಂಕ. ಹೊಸದಾಗಿ ಬರೆಯುವ ಆಲೋಚನೆಯನ್ನು ಬಿಟ್ಟಿದ್ದೇವೆ. ಸ್ಪ್ರೆಡ್‌ಶೀಟ್‌ನಿಂದ ವಿವರ ತರುವಾಗ ಷರಾಗಳನ್ನು ಪರದೆಯ ಮೇಲೆ ಒಂದೊಂದಾಗಿ ತೋರಿಸಿ, ಸರಿಯಾದ ಕ್ಷೇತ್ರಕ್ಕೆ ಸೇರಿಸಲು ಸಿಬ್ಬಂದಿಗೆ ನೆರವಾಗುವ ವಿಸ್ತರಣೆಯೊಂದನ್ನು ಸಿವಿಸಿಆರ್‌ಎಂಗೆ ಬರೆಯುತ್ತೇವೆ. ಉಳಿದ ಏಳು ಹಾಳೆಗಳನ್ನು ಸಂಸ್ಥೆಯಲ್ಲಿ ದಿನವೂ ವಿವರ ತುಂಬುವವರ ಪಕ್ಕದಲ್ಲೇ ಕುಳಿತು ಓದಬೇಕೆಂದಿದ್ದೇವೆ. ಆ ಅಡ್ಡಗೆರೆಗಳ ಅರ್ಥವನ್ನು ನಮಗೆ ಹೇಳಿದವರು ಅವರೇ.