ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲುತ್ತದೆ, ಸಹಾಯ ಬೇಕು

ನಾನು ತೀರ್ಥಹಳ್ಳಿಯವನು. ಅಪ್ಪನ ಕಾಲದ 1989ರ ಪ್ರೀಮಿಯರ್ ಪದ್ಮಿನಿ ಕಾರು ನನ್ನ ಬಳಿ ಇದೆ. ಶಿವಮೊಗ್ಗಕ್ಕೆ ಹೋಗಿಬರಲು ಯಾವ ತಕರಾರೂ ಇಲ್ಲ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಮಾತ್ರ, 14 ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಎಂಜಿನ್ ಮುಗ್ಗರಿಸಿ ನಿಂತುಬಿಡುತ್ತದೆ. ಅದೂ ಬೇಸಿಗೆಯ ಮಧ್ಯಾಹ್ನದಲ್ಲೇ. ಬಾನೆಟ್ ಎತ್ತಿ ಅರ್ಧ ಗಂಟೆ ಮಂಗಗಳ ಮುಖ ನೋಡುತ್ತ ಕುಳಿತರೆ, ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಸ್ಟಾರ್ಟ್!

ಕಾರ್ಬ್ಯುರೇಟರ್ ತೊಳೆಸಿದೆ, ಫಿಲ್ಟರ್ ಬದಲಿಸಿದೆ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ ಕಟ್ಟಿದೆ. ಎಂಜಿನ್ನಿಗೆ ಅಂಟಿಕೊಂಡಿರುವ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಬೇಗ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಆ ಆವಿ ಪೆಟ್ರೋಲ್ ಹರಿವನ್ನು ತಡೆದು ವೇಪರ್ ಲಾಕ್ ಆಗುತ್ತಿದೆ ಎಂದು ನನ್ನ ಅನುಮಾನ. ಮೆಕ್ಯಾನಿಕ್ ಮಾತ್ರ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕೈಕೊಡುತ್ತಿದೆ ಎನ್ನುತ್ತಾರೆ. ಅದೂ ತಣ್ಣಗಾದರೆ ಸರಿಹೋಗುತ್ತದಂತೆ. (ಪಕ್ಕದ ಮನೆಯವರು ಪಂಪಿಗೆ ಅಡಿಕೆ ಹಾಳೆ ಮರೆ ಕಟ್ಟಲು ಹೇಳಿದರು. ಎಕ್ಸಾಸ್ಟ್ ಪಕ್ಕ ಒಣ ಹಾಳೆ, ಬೇಡವೇ ಬೇಡ.)

ಕಾರು ನಿಂತ ಜಾಗದಲ್ಲೇ ತಪ್ಪು ಪೆಟ್ರೋಲಿನದೋ ಕಾಯಿಲಿನದೋ ಎಂದು ಪತ್ತೆ ಮಾಡುವುದು ಹೇಗೆ? ವೇಪರ್ ಲಾಕೇ ಆಗಿದ್ದರೆ, ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಿದರೆ ಸಾಕೇ, ಅಥವಾ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಹಿಂತಿರುಗುವ ಪೈಪೂ ಬೇಕೇ?